ಹಾಸಿನ ಜೋಡಿ ನಡದದ್ದು ನಡಿಗಿ ಅಲ್ಲ

ಕಳಕಪ್ಪಾ,

ಅಪ್ಪನ್ನ ಕರಕೊಂಡು ಗುಡ್ಡದ ಬುಡದ ಅಡವಿ ದಾರಿಗೆ ಹೊಂಟೀನಿ. ಹುಡುಕ್ಕೊಂತ ಬರಬ್ಯಾಡ.

ಮಗ್ಗದ ಕುಣ್ಯಾಗ ಕೂತು ಕೂತು ಅಪ್ಪನ ಕಾಲು ಮರಗಟ್ಟ್ಯಾವು, ದಿನಾ ಆ ಏರಿಲ್ಲದ ದಾರ್ಯಾಗ, ಗಿಡದ ನೆರಳಾಗ ಸಾವಕಾಶ ಅಡ್ಡಾಡಸ್ರಿ ಅಂತ ಡಾಕ್ಟರು ಹೇಳಿದ್ದು ನಿನ್ನ ಮುಂದ. ನೀ ಏನ್ ಮಾಡಿದಿ? ಓಣ್ಯಾಗ ಸೀರಿಗೆ ಉದ್ದನ್ನ ಎಳಿ ಎಳದು ಹಾಸು ಹೂಡಿ, ಅಪ್ಪನ ಕೈಯಾಗ ನೂಲು ಕೊಟ್ಟು, ಈ ಗೂಟದಿಂದ ಆ ಗೂಟಕ್ಕ ವಾರಗಟ್ಟಲೆ ತಿರಗಿಸಿದಿ. ಕೇಳಿದ್ರ, "ನಡದಂಗೂ ಆತು, ಕೆಲಸಾನೂ ಆತಲ್ಲಕ್ಕಾ" ಅಂತ ಹಲ್ಲು ಕಿಸೀತಿ. ಬಗ್ಗಿಸಿದ ಕುತ್ತಿಗಿ ಎತ್ತಲಾರದ ನಡೆಯೋದು ನಡಿಗಿ ಏನೋ? ನಿನ್ನೆ ಬಚ್ಚಲಕ್ಕ ಹೋಗಾಕ ಅಪ್ಪ ಗ್ವಾಡಿ ಹಿಡಕೊಂಡ.

ಇವತ್ತ ನೂಲಿಗೆ ಗಂಜಿ ನೀನೇ ಹಚ್ಚು. ಒಣಗೋತನಕಾ ಕಾಯಿ, ಬಿಟ್ಟು ಚಾದಂಗಡಿಗೆ ಓಡಬ್ಯಾಡ. ರೊಟ್ಟಿ ಬುಟ್ಯಾಗ ಅದಾವು, ಪುಂಡಿಪಲ್ಯ ಮುಚ್ಚಿಟ್ಟೀನಿ. ನನ್ನ ಮ್ಯಾಲ ಸಿಟ್ಟಾಗಿ ಉಪಾಸ ಕುಂದರಬ್ಯಾಡ.

ಈಗ ಚಪ್ಪಲಿ ಮೆಟ್ಟುವಾಗ ಅಪ್ಪ, "ಅಲ್ಲಿ ನಡದ್ರ ಎಷ್ಟು ಸೀರಿ ಆಗ್ತಾವ ಯವ್ವಾ?" ಅಂತ ಕೇಳಿದ. ಹಂಗ ಕೇಳೂದನ್ನ ಕಲಿಸಿದಾಂವ ನೀನು.

ಇವತ್ತ ಅಂವ ಎಲ್ಲಿ ದಣೀತಾನೋ ಅಲ್ಲೇ ಕೂಡ್ತಾನ. ಏಳು ಅನ್ನಾವ್ರು ಯಾರೂ ಇರಂಗಿಲ್ಲ.

ನಿಮ್ಮಕ್ಕ,
ರೇಣವ್ವ