ಕೊನೇ ಗದ್ದೆಯ ನೀರು

ದೊಡ್ಡಪ್ಪಾ,

ನೀನು ಕೆರೆಯ ತೂಬು ಎತ್ತುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಊರಿಗೆಲ್ಲ ನೀರು ಬಿಡುವ ನೀರುಗಂಟಿ ನೀನು, ಆದರೆ ನಿನ್ನ ಗದ್ದೆ ಮಾತ್ರ ಕಾಲುವೆಯ ಕಟ್ಟಕಡೆಗೆ. "ನೀರು ಬಿಡೋನ ಗದ್ದೆ ಕೊನೇಲೇ ಇರ್ಬೇಕು ಕಣೋ, ಆಗ ಎಲ್ರಿಗೂ ತಲುಪುತ್ತೆ" ಅಂತಿದ್ದೆ. ಈಗ ಜರಗನಹಳ್ಳಿಯಲ್ಲಿ ಗದ್ದೆ ಎಲ್ಲಿದೆ? ನಿನ್ನ ಗದ್ದೆಯ ಜಾಗದಲ್ಲಿ ನಿನ್ನ ಮಗಳು ರತ್ನಕ್ಕನ ಮನೆ. ನೀನು ತೋಡಿಸಿದ ಬಾವಿ ಬತ್ತಿಹೋಗಿತ್ತು. "ಟ್ಯಾಂಕರ್ ಕಾದು ಸಾಕಾಯ್ತಪ್ಪ, ಮನೆ ಮಾರ್ಬಿಟ್ಟು ಹೋಗ್ತೀನಿ" ಅನ್ನುತ್ತಿದ್ದಳು. ನನಗೆ ಹೇಗಾಗಿರಬೇಡ...

ಬೇಸಿಗೆಯಲ್ಲಿ ಕೆರೆ ಹತ್ತಿರ ನಮ್ಮೂರವರದ್ದೊಂದು ಸಭೆ ಆಯ್ತು, ಆ ದಿನದ್ದು ಹೇಳ್ತೀನಿ ಕೇಳು. ದೇಶಕ್ಕೆಲ್ಲ ಒಂದು ನೀರಿನ ಯೋಜನೆಯಂತೆ. ಮಳೆ, ಕೆರೆ, ಬೋರ್‌ವೆಲ್, ಬಚ್ಚಲ ನೀರು, ಎಲ್ಲ ಸೇರಿಸಿ ಲೆಕ್ಕ ಹಾಕೋದಂತೆ. ಅದೂ ನೀರು ಬಳಸುವವರನ್ನೇ ಕೇಳಿ! ಇಂಜಿನಿಯರ್ ಮೇಡಂ "ಮೊದಲು ಯಾರು ಮಾತಾಡ್ತೀರಿ?" ಅಂದದ್ದೇ ತಡ, ನಾನು ಎದ್ದು "ನಮ್ಮೂರಲ್ಲಿ ಕೊನೇ ಗದ್ದೆಯವರು ಮೊದಲು, ಮೇಡಂ" ಅಂದುಬಿಟ್ಟೆ. ಅಷ್ಟೇ, ಎಲ್ಲರೂ ಕೊನೇ ಗದ್ದೆಯವರೇ ಆಗಿಬಿಟ್ಟರು! "ನಮ್ದು ಹನ್ನೆರಡನೇ ಮಹಡಿ ಸಾರ್, ನೀರು ಹತ್ತೋದೇ ಕೊನೆಗೆ" ಅಂದರು ಅಪಾರ್ಟ್‌ಮೆಂಟ್ ಅಂಕಲ್. "ಹತ್ತೋ ನೀರಲ್ಲ ಅಂಕಲ್, ಇಳಿಯೋ ನೀರು!" ಅಂತ ಹೂವು ಮಾರೋ ಆಂಟಿ ನಕ್ಕರು.

ಇಂಥ ಜಗಳ ಬಿದ್ದಾಗ ನೀನು ಏನು ಮಾಡ್ತಿದ್ದೆ? ಎಲ್ಲರನ್ನೂ ಕಾಲುವೆ ಗುಂಟ ನಡೆಸ್ತಿದ್ದೆ. ನೀರು ಎಲ್ಲಿ ನಿಲ್ಲುತ್ತೋ ಅಲ್ಲೇ ಪಂಚಾಯ್ತಿ. ನಾನೂ ಅದನ್ನೇ ಮಾಡಿದೆ. ಕೈಯಲ್ಲಿ ಕಾಫಿ ಲೋಟ ಹಿಡಿದು ಸಭೆಗೆ ಸಭೆಯೇ ಹೊರಟಿತು. ಅರ್ಧ ದಾರಿಗೆ ಕಾಲುವೆ ಮಾಯ! ಮಣ್ಣು ತುಂಬಿ, ಮೇಲೆ ಕಾರು ನಿಲ್ಲಿಸಿದ್ದಾರೆ. ಯಾರ ಕಾರು ಅಂತೀಯ? ಅದೇ ಅಂಕಲ್ ಅಪಾರ್ಟ್‌ಮೆಂಟಿನವು. ಅಲ್ಲಿಂದಾಚೆ ಒಣ ಬೀದಿ. ಬೀದಿ ತುದಿಗೆ ಖಾಲಿ ಕೊಡ ಇಟ್ಟುಕೊಂಡು ರತ್ನಕ್ಕ.

"ಏನೋ ಇದು, ಮದುವೆ ದಿಬ್ಬಣ ಕರ್ಕೊಂಡ್ ಬಂದಿದೀಯಾ? ಎಲ್ರೂ ಕೂತ್ಕೊಳ್ಳಿ, ನೀರು ಮಾತ್ರ ಕೇಳ್ಬೇಡಿ" ಅಂದಳು. ಎಲ್ಲರೂ ನಕ್ಕರು, ಅಂಕಲ್ ಒಬ್ಬರನ್ನು ಬಿಟ್ಟು. ಆಮೇಲೆ ಅವರೇ ಬಾಯಿಬಿಟ್ಟರು: "ಮೇಡಂ, ಬರ್ಕೊಳ್ಳಿ. ಮೊದಲು ನಮ್ಮ ಕಾರು ತೆಗೀತೀವಿ."

ಕಾಲುವೆ ಬಿಡಿಸಿದ್ದಾಯ್ತು ದೊಡ್ಡಪ್ಪಾ. ಬಚ್ಚಲ ನೀರಿಗೆ ಬೇರೆ ಪೈಪೂ ಆಯ್ತು. ಈ ಮಳೆಗೆ ಕೆರೆ ತುಂಬಿತು, ತೂಬು ಎತ್ತಿದ್ದು ಯಾರು ಹೇಳು? ನಾನೇ! ನೀರು ರತ್ನಕ್ಕನ ಮನೆವರೆಗೂ ಹರಿದು ನೆಲಕ್ಕೆ ಇಂಗಿತು. ಇವತ್ತು ಬೆಳಗ್ಗೆ ರತ್ನಕ್ಕ ಬಾವಿಗೆ ಕೊಡ ಇಳಿಸಿದಳು. ಇಬ್ಬರೂ ಬಗ್ಗಿ ನಿಂತೆವು. ಕೆಳಗಿನಿಂದ ಬುಳಕ್ ಅಂತ ಸದ್ದು! ಹಗ್ಗ ಭಾರವಾಯಿತು. ಮನೆ ಮಾರುವ ಮಾತು ಅಲ್ಲಿಗೇ ಮುಳುಗಿತು. ಕಣ್ಣೊರೆಸಿಕೊಂಡು ಅವಳೇ ಅಂದಳು, "ಅಪ್ಪಂಗೆ ಕಾಗದ ಬರಿ. ಎಲ್ರಿಗೂ ತಲುಪಿತು ಅಂತ ಬರೀ."