ಬೀಜಗಣಿತದ ಸೊಸೆ

ಮನೆ, ಊಟದ ಮೇಜು
ಸೆಪ್ಟೆಂಬರ್ ೧೪, ಭಾನುವಾರ ಮಧ್ಯಾಹ್ನ

ಮುದ್ದಿನ ಸೊಸೆಯೇ,

ಹೇಗಿದ್ದೀಯ? ಕತ್ತುನೋವು ಕಮ್ಮಿಯಾಯ್ತಾ? ದಿಂಬಿಲ್ಲದೆ ಮಲಗು ಅಂದಿದ್ದೆ. ಮಲಗಿರಲ್ಲ, ಗೊತ್ತು. ಹೊತ್ತಿಗೆ ಸರಿಯಾಗಿ ತಿನ್ನು, ಬಿಸ್ಕತ್ತಿಗೆ ಊಟ ಅಂತ ಹೆಸರಿಡಬೇಡ. ನಾವೆಲ್ಲ ಚೆನ್ನಾಗಿದ್ದೀವಿ. ಪುಟ್ಟಿಯ ಜ್ವರ ಪೂರ್ತಿ ಇಳಿದಿದೆ. ನಿನ್ನ ಮಗಳು ಈಗ ಸೋಫಾದಿಂದ ಕುರ್ಚಿಗೆ, ಕುರ್ಚಿಯಿಂದ ನನ್ನ ಬೆನ್ನಿಗೆ ಹಾರ್ತಾ ಇದ್ದಾಳೆ. ಜೀವಮಾನವಿಡೀ ವಾರ್ಡಿನಲ್ಲಿ ಜ್ವರ ನೋಡಿದ ನರ್ಸು ನಾನು. ಯಾವ ಜ್ವರಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನೋದನ್ನ ನನಗೆ ಬಿಡು. ನನ್ನ ಮಗರಾಯ ಮಾತ್ರ ಥರ್ಮಾಮೀಟರ್ ಹಿಡ್ಕೊಂಡು ಅವಳ ಹಿಂದೆ ಹಿಂದೆ ಅಲೆದ. ಮಗುವಿಗಿಂತ ಅವನ ಮುಖವೇ ಹೆಚ್ಚು ಬಾಡಿತ್ತು.

ಫೋನ್ ಇದ್ದೂ ಕಾಗದ ಯಾಕೆ ಅಂತೀಯಾ? ಫೋನಿನಲ್ಲಿ ನೀನು ‘ಅತ್ತೆ, ಅತ್ತೆ, ಒಂದು ನಿಮಿಷ’ ಅಂತ ನನ್ನ ಬಾಯಿ ಮುಚ್ಚಿಸಿಬಿಡ್ತೀಯ. ಇಲ್ಲಿ ನಿನಗೆ ಮಧ್ಯೆ ಬಾಯಿ ಹಾಕೋಕೆ ಆಗಲ್ಲ. ಮೊನ್ನೆ ನೀನು ಹೇಳಿದ ಮಾತು ತಲೆ ಕೊರೀತಾ ಇದೆ. ‘ಮಿಕ್ಕಿದ್ದೆಲ್ಲ ಮುಗೀತು ಅತ್ತೆ. ಒಂದೇ ಒಂದು ಬಗೆಯ ಗುಂಪು ಬಗ್ತಾ ಇಲ್ಲ. ಅಲ್ಲಿ ಮಗುಗೆ ಹುಷಾರಿಲ್ಲ, ಇಲ್ಲಿ ನಾನು ಗೋಡೆ ನೋಡ್ಕೊಂಡು ಕೂತಿದ್ದೀನಿ. ಬಂದ್ಬಿಡ್ತೀನಿ’ ಅಂದೆ. ಅವತ್ತು ನಾನು ಹೂಂ ಅಂದಿದ್ದು ನೀನು ಅಳ್ತಾ ಇದ್ದೆ ಅಂತ, ಒಪ್ಪಿಕೊಂಡೆ ಅಂತಲ್ಲ.

ನಿನಗೆ ನೆನಪಿದೆಯಾ, ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ ‘ಸೊಸೆ ಏನು ಕೆಲಸ ಮಾಡ್ತಾಳೆ’ ಅಂತ ಕೇಳಿದ್ರು. ನೀನು ‘ಗುಂಪುಗಳ ಮೇಲೆ ಕೆಲಸ ಮಾಡ್ತೀನಿ’ ಅಂದೆ. ಆಕೆ ಪೊಲೀಸ್ ಇಲಾಖೆ ಅಂದ್ಕೊಂಡು ವರ್ಷಗಟ್ಟಲೆ ನಿನಗೆ ನಮಸ್ಕಾರ ಹೊಡೆದ್ರು! ನಾನೂ ಅಷ್ಟೇ ಪೆದ್ದಿ. ಆಮೇಲೆ ನೀನು ಇದೇ ಮೇಜಿನ ಮೇಲೆ ಒಂದು ಚೌಕದ ಕರವಸ್ತ್ರ ಹಾಸಿ, ತಿರುಗಿಸಿ, ಮಗುಚಿ, ‘ನೋಡಿ ಅತ್ತೆ, ಎಂಟು ರೀತಿ ಇಟ್ಟರೂ ಮೊದಲಿನ ಜಾಗದಲ್ಲೇ ಕೂರುತ್ತೆ. ಈ ಎಂಟೂ ಸೇರಿ ಒಂದು ಗುಂಪು. ಇಂಥವು ಒಳಗೊಳಗೇ ಹೇಗೆ ಕಟ್ಟಿಕೊಂಡಿವೆ ಅಂತ ಹುಡುಕೋದು ನನ್ನ ಕೆಲಸ’ ಅಂದೆ. ನನಗೆ ಅರ್ಥವಾದದ್ದು ಕಾಲುಭಾಗ. ಆದರೆ ಹೇಳುವಾಗ ನಿನ್ನ ಮುಖ ಇತ್ತಲ್ಲ, ಹೆರಿಗೆ ವಾರ್ಡಿನಲ್ಲಿ ಮಗುವನ್ನ ಮೊದಲ ಸಲ ಎತ್ತಿಕೊಂಡವರ ಮುಖದಲ್ಲಿ ಮಾತ್ರ ನಾನು ಅದನ್ನ ನೋಡಿದ್ದು.

ಓದುವಾಗ ಇಡೀ ತರಗತಿಗೆ ನೀನೊಬ್ಬಳೇ ಹುಡುಗಿಯಂತೆ. ಮೇಷ್ಟ್ರು ಬಂದು ‘ಏನ್ರಪ್ಪಾ ಹುಡುಗರಾ’ ಅಂದರೆ ನೀನು ಎದ್ದು ನಿಂತು ‘ಹುಡುಗೀನೂ ಇದ್ದಾಳೆ ಸಾರ್’ ಅಂತಿದ್ದೆಯಂತೆ, ಅವರು ಆ ಮಾತು ಬದಲಾಯಿಸೋವರೆಗೂ ದಿನಾ. ಇಲ್ಲಿಗೆ ಬಂದ ಮೇಲೆ ನಿನಗೊಂದು ಕೋಣೆ ಕೊಡೋಕೆ ನಮ್ಮ ಹತ್ತಿರ ಕೋಣೆ ಇರಲಿಲ್ಲ. ಅಡುಗೆಮನೆ ಬೀರುವಿನ ಬಾಗಿಲೇ ನಿನ್ನ ಹಲಗೆ ಆಯ್ತು. ಬಣ್ಣ ಬಳಿಯೋನು ಬಂದಾಗ, ತುಂಬು ಬಸುರಿ, ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟೆ. ‘ಇದೊಂದು ಬಿಡಿ, ಇನ್ನೂ ಮುಗಿದಿಲ್ಲ.’ ಪಾಪ, ಅವನು ಹೆದರಿ ಪಕ್ಕದ ಬಾಗಿಲನ್ನೂ ಬಿಟ್ಟು ಹೋದ. ನಿನ್ನ ಮೊದಲ ದೊಡ್ಡ ಪ್ರಮೇಯ ಅದೇ ಬಾಗಿಲ ಮೇಲೆ ಹುಟ್ಟಿದ್ದು, ಪುಟ್ಟಿ ಹುಟ್ಟೋಕೆ ಸ್ವಲ್ಪ ಮುಂಚೆ.

ಆಮೇಲೆ ಪಾಠ ಹೇಳೋ ಕೆಲಸಕ್ಕೆ ಆ ಸಂದರ್ಶನ. ‘ಚಿಕ್ಕ ಮಗು ಇದೆ, ಸಂಶೋಧನೆ ಯಾವಾಗ ಮಾಡ್ತೀರಿ’ ಅಂತ ಕೇಳಿದ್ರಂತೆ. ನೀನು ‘ಈಗ ಸಂದರ್ಶನ ಮುಗಿಸಿ ಒಬ್ಬ ಗಂಡಸರು ಹೊರಗೆ ಹೋದರಲ್ಲ, ಅವರಿಗೂ ಮಕ್ಕಳಿದ್ದಾರೆ. ಅವರನ್ನ ಕೇಳಿದ್ರಾ?’ ಅಂದೆ. ಖಾಯಂ ಕೆಲಸ ಹೋಗಿದ್ದು ಅಲ್ಲೇ. ವರ್ಷ ವರ್ಷ ನವೀಕರಿಸೋ ಹುದ್ದೆ ಕೊಟ್ಟರು, ಅದನ್ನೂ ತಗೊಂಡೆ. ಬೇರೆಯವರಿಗೆ ಬೇಡವಾದ ಪಾಠವೆಲ್ಲ ನಿನ್ನ ತಲೆಗೆ ಕಟ್ಟಿದ್ರು, ಅದನ್ನೂ ಮಾಡಿದೆ. ಬಸ್ಸಿನಲ್ಲಿ ನಿಂತುಕೊಂಡೇ ಬರೆದೆ. ಈಗ ದೂರದೂರಿನ ಗಣಿತ ಸಂಸ್ಥೆಯವರು ಕರೆದು, ಕೋಣೆ ಕೊಟ್ಟು, ಮೇಜು ಕೊಟ್ಟು, ಒಂದು ವರ್ಷ ಸುಮ್ಮನೆ ಯೋಚನೆ ಮಾಡಿ ಅಂದಿದ್ದಾರೆ. ಅರ್ಧದಲ್ಲಿ ಎದ್ದು ಬರ್ತಾಳಂತೆ!

ಮಂಗಳವಾರ ನಿಮ್ಮ ವಿಭಾಗದ ಮುಖ್ಯಸ್ಥರು ಮನೆಗೆ ಬಂದಿದ್ದರು. ಚಹಾ ಕೊಟ್ಟೆ. ‘ಮುಂದಿನ ತಿಂಗಳೇ ಅವರು ವಾಪಸ್ ಬರಲಿ ಅಮ್ಮಾ, ಮೊದಲ ವರ್ಷದವರಿಗೆ ಪಾಠಕ್ಕೆ ಜನ ಇಲ್ಲ’ ಅಂದ್ರು.

‘ಒಂದು ವರ್ಷದ ರಜೆಗೆ ಸಹಿ ಹಾಕಿದ್ದು ನೀವೇ ಅಲ್ವಾ?’ ಅಂದೆ.

‘ಹೌದು. ಆದರೆ ಅಷ್ಟು ದಿನ ಕೂತೂ ಕೊನೆಗೆ ಏನೂ ಬರದಿದ್ರೆ?’

‘ಬರಲ್ಲ ಅನ್ನೋದಾದರೂ ಅವಳಿಗೆ ಗೊತ್ತಾಗುತ್ತೆ ಸಾರ್. ಮಧ್ಯದಲ್ಲಿ ಎಬ್ಬಿಸಿದ್ರೆ ಅದೂ ಗೊತ್ತಾಗಲ್ಲ.’

‘ಮಗುವಿನ ಮುಖ ನೋಡಿಯಾದರೂ ನೀವು ಹೇಳಬೇಕಿತ್ತು’ ಅಂದ್ರು. ಮಗು ಅಷ್ಟರಲ್ಲಿ ಅವರ ಮೊಣಕಾಲ ಹತ್ತಿರ ನಿಂತು, ‘ನೀವು ಅಮ್ಮನ ಹೆಡ್‌ಮಾಸ್ಟರಾ? ಅಮ್ಮ ಲೆಕ್ಕ ಮುಗಿಸಿ ಬರ್ತಾಳೆ. ಅಜ್ಜಿ ಹೇಳಿದ್ದಾಳೆ’ ಅಂತು. ನಾನು ಹೇಳಿಕೊಟ್ಟ ಮಾತು ಅಂತ ಅವರು ನನ್ನ ಕಡೆ ನೋಡಿದ್ರು. ಹೇಳಿಕೊಟ್ಟಿದ್ದೇ, ಸುಳ್ಳು ಯಾಕೆ. ರಾತ್ರಿ ನಿನ್ನ ಕೇಳಿ ಅತ್ತಾಗ ಮತ್ತೇನು ಹೇಳಲಿ? ಒಂದೊಂದು ಸಲ ಅಳ್ತಾಳೆ, ಮುಚ್ಚಿಡಲ್ಲ. ಅತ್ತು ಮಲಗ್ತಾಳೆ, ಎದ್ದು ಆಡ್ತಾಳೆ. ನಾನು ಪಾಳಿಗೆ ಹೋಗ್ತಿದ್ದಾಗ ನಿನ್ನ ಗಂಡನೂ ಹೀಗೇ ಬೆಳೆದದ್ದು, ಏನು ಕೆಟ್ಟಿದ್ದಾನೆ? ಷರಟಿನ ಗುಂಡಿ ಹಾಕಿಕೊಳ್ಳೋದೊಂದು ಬಿಟ್ಟರೆ ಎಲ್ಲ ಸರಿಯಾಗೇ ಇದ್ದಾನೆ.

ಆ ಹಟಮಾರಿ ಗುಂಪಿನ ಮುಂದೆ ಕೂತ್ಕೋ. ನಿನಗಿಂತ ಹಟಮಾರಿ ಅದು ಇರಲಾರದು. ಮೈ ಬೆಚ್ಚಗಿಟ್ಟುಕೋ, ಮನಸ್ಸು ಗಟ್ಟಿ ಮಾಡಿಕೋ. ನಿನ್ನ ತಲೆ ಮೇಲೆ ನನ್ನ ಕೈ ಇದೆ ಅಂದುಕೋ. ಪುಟ್ಟಿಯಿಂದ ಎರಡೂ ಕೆನ್ನೆಗೆ ಮುತ್ತು. ನಿನ್ನ ಗಂಡನದು ಅವನೇ ಬರೆದು ಕಳಿಸಲಿ, ನಾನು ಯಾಕೆ ಮಧ್ಯೆ!

ನಿನ್ನ
ಅತ್ತೆ

ತಾ.ಕ.: ಹೇಳಬೇಕಾದ್ದನ್ನೇ ಹೇಳಿಲ್ಲ. ಶುಕ್ರವಾರ ವಿಭಾಗದಿಂದ ತಿಳಿಸಿದ್ರು, ನಿನ್ನ ಹುದ್ದೆ ಬೇರೆಯವರಿಗೆ ಕೊಟ್ಟಾಯ್ತಂತೆ, ಈ ಸಲ ನವೀಕರಣ ಇಲ್ಲವಂತೆ. ನಿನ್ನ ಗಂಡ ಫೋನಿನಲ್ಲಿ ಹೇಳೋಕೆ ಹೋಗಿ ಹವಾಮಾನದ ವಿಷಯ ಮಾತಾಡಿ ಇಟ್ಟ. ಅದಕ್ಕೇ ನಾನು ಬರೀತಿದ್ದೀನಿ. ಅಳು ಬಂದರೆ ಒಂದು ಮಧ್ಯಾಹ್ನ ಅತ್ತುಬಿಡು, ಅದಕ್ಕಿಂತ ಜಾಸ್ತಿ ಬೇಡ, ಕಣ್ಣಿಗೆ ಕೆಲಸ ಇದೆ. ಮನೆಯ ಚಿಂತೆ ನಿನಗೆ ಬೇಡ. ನರ್ಸಿಂಗ್ ಶಾಲೆಯವರು ಬಹಳ ದಿನದಿಂದ ಕರೀತಾ ಇದ್ದರು, ನಿನ್ನೆ ಹೋಗಿ ಒಪ್ಪಿಕೊಂಡು ಬಂದೆ. ಪುಟ್ಟಿ ಸ್ಕೂಲಿಗೆ ಹೋದ ಹೊತ್ತಿನಲ್ಲಿ ನಾನು ಹುಡುಗಿಯರಿಗೆ ಪಾಠ ಮಾಡ್ತೀನಿ. ಇನ್ನು ನೀನು ಯಾರಿಗೋಸ್ಕರವೂ ಅರ್ಧಕ್ಕೆ ಓಡಿಬರಬೇಕಾಗಿಲ್ಲ. ಟಿಕೆಟ್ ಬದಲಾಯಿಸಬೇಡ.