ಹರಕು ಚೀಲದೊಳಗಿನ ಒಲೆ

ಭಾನುವಾರ, ನವೆಂಬರ್ ೧೬

ಎಷ್ಟು ತೊಳೆದರೂ ಅಕ್ಕನ ಒಲೆಯಿಂದ ಬಾಳೆಸಿಪ್ಪೆಯ ವಾಸನೆ ಹೋಗುತ್ತಿಲ್ಲ. ಇದಕ್ಕೆಲ್ಲ ಕಾರಣ ದರ್ಜಿ ಮಾವ ಹೇಳಿದ ಕಥೆ. ಹೇಳಿದ್ದು ನಿನ್ನೆ ಸಂಜೆ, ಕೆರೆಯ ದಂಡೆಯಲ್ಲಿ ಡೇರೆ ಹೊಡೆದ ಮೇಲೆ.

ಹೋದ ಸಲ ಅಲ್ಲೇ ನಮ್ಮ ಮಡಚುವ ಒಲೆ ಕಳುವಾಗಿತ್ತು. ಅಕ್ಕ ಈ ಸಲ ಹೊಸದು ತಂದಿದ್ದಳು. "ಇದೂ ಹೋದ್ರೆ ಇನ್ಮೇಲೆ ನಾನು ಮನೆ ಹೊಸ್ತಿಲು ದಾಟಲ್ಲ" ಎಂದಳು. ಅಕ್ಕನಿಲ್ಲದ ಪ್ರವಾಸ ಯಾರಿಗೆ ಬೇಕು?

ಮಾವ ಗಂಟಲು ಸರಿಮಾಡಿಕೊಂಡರು. ಒಬ್ಬ ದಾರಿಹೋಕ ತನ್ನ ಬೆಳ್ಳಿ ತಂಬಿಗೆಗೆ ಮಸಿ ಬಳಿದು, ಹರಕು ಬಟ್ಟೆ ಸುತ್ತಿದನಂತೆ. ಏಳೂರಿನ ಕಳ್ಳರು ಅದನ್ನು ಕಾಲಲ್ಲಿ ಒದ್ದು ಮುಂದೆ ಹೋದರಂತೆ.

"ಕಳ್ಳನಿಗೆ ಕೈಗಿಂತ ಕಣ್ಣು ಉದ್ದ ಕಣಮ್ಮಾ. ಮೊದಲು ಕಣ್ಣಿಗೆ ಬಟ್ಟೆ ಕಟ್ಟು" ಎಂದರು.

ಅಕ್ಕಪಕ್ಕದ ಡೇರೆಯವರೂ ಬಂದು ಬಾಯಿಬಿಟ್ಟುಕೊಂಡು ಕೇಳಿದರು. ಅಕ್ಕ ಒಲೆಯನ್ನು ತೂತುಬಿದ್ದ ಗೋಣಿಚೀಲಕ್ಕೆ ತುರುಕಿ, ಮೇಲೆ ನಾಲ್ಕು ಬಾಳೆಸಿಪ್ಪೆ ಹಾಕಿ, ಕಳ್ಳರಿಗೆ ಸವಾಲೆಂಬಂತೆ ಡೇರೆಯ ಬಾಗಿಲಲ್ಲೇ ಇಟ್ಟಳು.

ಬೆಳಿಗ್ಗೆ ಎದ್ದರೆ ಚೀಲವಿಲ್ಲ. ಅಕ್ಕನ ಮುಖ ಸಪ್ಪಗಾಯಿತು.

"ಆ ಚೀಲಾನಾ? ಕಸ ಅಲ್ವಾ ಅದು? ಈಗಷ್ಟೇ ಗಾಡಿಗೆ ಹಾಕ್ದೆ" ಎಂದಳು ದಂಡೆಯ ಕಸ ಗುಡಿಸುವಾಕೆ.

"ಮಾವಾ, ನಿಮ್ಮ ಕಥೇಲಿ ಕಸ ಗುಡಿಸೋರೇ ಇರ್ಲಿಲ್ವಾ?" ಎಂದು ಕೂಗುತ್ತಾ ಅಕ್ಕ ಓಡಿದಳು. ಅವಳೊಬ್ಬಳೇ ಅಲ್ಲ. ಕಥೆ ಕೇಳಿದ್ದ ಅಷ್ಟೂ ಜನ "ನನ್ ಚೀಲ, ನನ್ ಚೀಲ" ಎನ್ನುತ್ತಾ ಬರಿಗಾಲಲ್ಲಿ ಕಸದ ಗಾಡಿಯ ಹಿಂದೆ ಓಡುತ್ತಿದ್ದರು. ಎಲ್ಲರಿಗಿಂತ ಮುಂದೆ, ಪಂಚೆ ಎತ್ತಿಕಟ್ಟಿಕೊಂಡು, ದರ್ಜಿ ಮಾವ.